ಸಿಳ್ಳೆ ಮೊದಲು, ಬ್ರೇಕು ಆಮೇಲೆ

ಅಮೆರಿಕದ ಸೇನೆ ಹರಾಜು ಹಾಕಿದ ಎಂ35ಎ2 ಲಾರಿಗಳನ್ನು ಕೊಂಡು ಉದ್ಧಾರ ಮಾಡುತ್ತಿರುವ ಸಮಸ್ತ ಮಾಲೀಕ ಮಹಾಶಯರಿಗೆ,

ಎಂ35 ಎಂಬುದು ರಿಯೋ ಕಂಪನಿ 1950ರ ಸುಮಾರಿಗೆ ಅಮೆರಿಕದ ಸೇನೆಗೆಂದೇ ರೂಪಿಸಿದ, ಮೂರೂ ಆಕ್ಸಲ್‌ಗಳಿಗೆ ಎಂಜಿನ್ನಿನ ಬಲ ಮುಟ್ಟುವ ಲಾರಿ. ರಸ್ತೆಯಿಲ್ಲದ ಕಡೆ ಎರಡೂವರೆ ಟನ್, ರಸ್ತೆಯ ಮೇಲೆ ಐದು ಟನ್ ಹೊರಬಲ್ಲದೆಂಬುದು ಸೇನೆಯ ಲೆಕ್ಕ. ಖಾಲಿ ಇದ್ದಾಗಲೇ ತೂಕ ಆರು ಟನ್ನಿನ ಆಸುಪಾಸು. ವಿಯೆಟ್ನಾಂ ಯುದ್ಧದಲ್ಲಿ ದುಡಿದ ಈ ಲಾರಿಗಳು ಹೊಸ ಪೀಳಿಗೆಯ ವಾಹನಗಳು ಬಂದಂತೆ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹರಾಜಿಗೆ ಬಂದವು. ಯುದ್ಧವನ್ನು ಸಿನಿಮಾದಲ್ಲಿ ಮಾತ್ರ ನೋಡಿದ ಸಜ್ಜನರ ಹಿತ್ತಲಿಗೆ ಅವು ಸೇರಿದ್ದು ಹೀಗೆ. ಮನೆಯವರ ಒಪ್ಪಿಗೆ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸ್ಟ್ಯಾಂಡರ್ಡ್ ಫಾರ್ಮ್ 97 ಎಂಬ ಸರ್ಕಾರಿ ಪ್ರಮಾಣಪತ್ರವಿದ್ದರೆ ನೋಂದಣಿಗೆ ದಾರಿ ಆಗುತ್ತದೆ.

ಲಾರಿಗೆ ಕೀಲಿಕೈ ಇಲ್ಲ. ಗುಂಡು ಹಾರುತ್ತಿರುವಾಗ ಸೈನಿಕನು ಜೇಬು ತಡಕಾಡಬಾರದೆಂದು ಒಂದು ಸ್ವಿಚ್ಚು, ಒಂದು ಸ್ಟಾರ್ಟರ್ ಗುಂಡಿ ಇಟ್ಟಿದ್ದಾರೆ. ನಿಲ್ಲಿಸುವುದಕ್ಕೆ ಬೇರೆ ಹಿಡಿಕೆ ಎಳೆದು ಇಂಧನ ತಡೆಯಬೇಕು. ಆದ್ದರಿಂದ ಮಾಲೀಕರ ಮೊದಲನೆಯ ಸುಧಾರಣೆ ಸ್ಟಿಯರಿಂಗಿಗೆ ಸರಪಳಿ ಸುತ್ತಿ ಬೀಗ ಜಡಿಯುವುದು. ಎರಡನೆಯದು ಫೋನ್ ಚಾರ್ಜರು, ಮತ್ತು ಮೊದಲ ಅನಾಹುತವೂ ಅದೇ. ಲಾರಿಯದು 24 ವೋಲ್ಟಿನ ವ್ಯವಸ್ಥೆ: 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. ಚಾರ್ಜರಿಗೂ ಸ್ಟೀರಿಯೋಗೂ 12 ಸಾಕೆಂದು ಒಂದೇ ಬ್ಯಾಟರಿಯಿಂದ ತಂತಿ ಎಳೆದರೆ ಆ ಬ್ಯಾಟರಿ ಸೊರಗುತ್ತದೆ, ಆಲ್ಟರ್ನೇಟರು ಪಕ್ಕದ್ದಕ್ಕೆ ಅತಿಯಾಗಿ ಉಣ್ಣಿಸುತ್ತದೆ, ಕೊನೆಗೆ ಎರಡೂ ಒಟ್ಟಿಗೆ ಗುಜರಿ ಸೇರುತ್ತವೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರು ಸುಲಭವಾಗಿ ಸಿಗುತ್ತದೆ. ಅದನ್ನು ಸಾಮಾನ್ಯವಾಗಿ ಕೊಳ್ಳುವುದು ಎರಡನೇ ಜೋಡಿ ಬ್ಯಾಟರಿ ಕೊಂಡ ಮೇಲೆ.

ಎಂಜಿನ್ನಿನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಎ2 ಮಾದರಿಯದು ಆರು ಸಿಲಿಂಡರಿನ, 7.8 ಲೀಟರಿನ ಮಲ್ಟಿಫ್ಯುಯೆಲ್ ಎಂಜಿನ್. ಇಂಧನವನ್ನು ಪಿಸ್ಟನ್ನಿನ ತಲೆಯಲ್ಲಿ ಕೊರೆದ ಬಟ್ಟಲಿನ ಗೋಡೆಗೆ ಸಿಂಪಡಿಸಿ, ಅಲ್ಲಿಂದ ಆವಿಯಾಗುತ್ತಾ ಉರಿಯುವಂತೆ ಮಾಡುವ ಈ ವಿಧಾನ ಜರ್ಮನಿಯ ಮಾನ್ ಕಂಪನಿಯದು. ನಮ್ಮ ಜಬಲ್ಪುರದ ಕಾರ್ಖಾನೆಯಲ್ಲಿ ತಯಾರಾದ ಶಕ್ತಿಮಾನ್ ಲಾರಿಗೆ ಪರವಾನಗಿ ಕೊಟ್ಟದ್ದೂ ಅದೇ ಕಂಪನಿ. ಡೀಸೆಲ್, ಸೀಮೆಎಣ್ಣೆ, ಜೆಟ್ ಇಂಧನ, ತೀರಾ ಗತಿಗೆಟ್ಟಾಗ ಒಂದಿಷ್ಟು ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್, ಎಲ್ಲವೂ ಇದಕ್ಕೆ ನಡೆಯುತ್ತದೆ. ‘ನಡೆಯುತ್ತದೆ’ ಎಂದು ಕೈಪಿಡಿ ಹೇಳಿದ್ದನ್ನು ಮಾಲೀಕರು ‘ಏನನ್ನು ಸುರಿದರೂ ನಡೆಯುತ್ತದೆ’ ಎಂದು ಓದಿಕೊಂಡರು. ಗ್ಯಾರೇಜುಗಳಿಂದ ಹೊತ್ತು ತಂದ ಕರಿ ಎಣ್ಣೆ, ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆ, ಎಲ್ಲವೂ ಟ್ಯಾಂಕಿಗೆ ಇಳಿದವು. ಪುಕ್ಕಟೆ ಎಣ್ಣೆ ಉಳಿಸಿಕೊಟ್ಟ ಹಣ ಫಿಲ್ಟರು ಮತ್ತು ಇಂಜೆಕ್ಷನ್ ಪಂಪಿನ ದುರಸ್ತಿಗೆ ಹೋಗುವ ಮಾತು ಬೇರೆ. ಲೀಟರಿಗೆ ಮೂರು ನಾಲ್ಕು ಕಿಲೋಮೀಟರು ಕೊಡುವ ವಾಹನದಲ್ಲಿ ಉಳಿತಾಯದ ಆಸೆಯೇ ಒಂದು ಬಗೆಯ ಶೌರ್ಯ.

ಇದೇ ಎಂಜಿನ್ನಿನ ಒಂದು ಬಗೆಯ ಟರ್ಬೋ ಕಿವಿ ಇರಿಯುವಂತೆ ಸಿಳ್ಳೆ ಹಾಕುತ್ತದೆ. ಸದ್ದು ಕಡಿಮೆ ಮಾಡುವ ಟರ್ಬೋ ಇದ್ದ ಲಾರಿ ಸಿಕ್ಕ ದುರದೃಷ್ಟಶಾಲಿಗಳು ಅದನ್ನು ಬಿಚ್ಚಿ, ಸಿಳ್ಳೆ ಹಾಕುವುದನ್ನೇ ಹುಡುಕಿ ತಂದು ಕೂರಿಸುತ್ತಾರೆ. ಇದರಿಂದ ಲಾರಿಗೆ ಆಗುವ ಪ್ರಯೋಜನ ಇಂಥದ್ದೆಂದು ಹೇಳುವುದು ಕಷ್ಟ. ಮುಂದಿನ ಬೀದಿಯವರಿಗೂ ವಿಷಯ ತಿಳಿಯುತ್ತದೆ, ಅಷ್ಟೆ.

ಆಮೇಲೆ ವೇಗದ ಹುಚ್ಚು. ಕಾರ್ಖಾನೆಯಿಂದ ಬಂದಂತೆ ಲಾರಿಯ ಗರಿಷ್ಠ ವೇಗ ಗಂಟೆಗೆ ಸುಮಾರು 90 ಕಿಲೋಮೀಟರು. ಅದಕ್ಕಿಂತ ಮುಂದೆ ಎಂಜಿನ್ನಿನ ಗವರ್ನರು ಬಿಡುವುದಿಲ್ಲ. ಉಪಾಯವೆಂದರೆ ದೊಡ್ಡ ಟೈರು. ಸುಮಾರು 40 ಇಂಚು ಎತ್ತರದ 9.00-20 ಟೈರುಗಳನ್ನು ಕಳಚಿ, ಹಿಂದಿನ ಜೋಡಿಯ ಬದಲು ಒಂದೊಂದೇ ಅಗಲ ಟೈರಿನಂತೆ 46 ಇಂಚಿನ 395/85ಆರ್20 ಹಾಕಿದರೆ ಅಷ್ಟೇ ಸುತ್ತಿಗೆ ಲಾರಿ ಹೆಚ್ಚು ದೂರ ಓಡುತ್ತದೆ. ನೋಡುವುದಕ್ಕೂ ಘನಗಂಭೀರ. ಆದರೆ ಚಕ್ರ ಎತ್ತರವಾದಷ್ಟೂ ಬ್ರೇಕಿನ ಡ್ರಮ್ಮಿಗೆ ಅದನ್ನು ಹಿಡಿದು ನಿಲ್ಲಿಸುವ ಬಲ ಕುಗ್ಗುತ್ತದೆ, ವೇಗ ಹೆಚ್ಚಿದಷ್ಟೂ ನಿಲ್ಲಲು ಬೇಕಾದ ದೂರ ಬೆಳೆಯುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಲಾರಿಯ ಚಕ್ರ ತಿರುಗಿಸುವುದಂತೂ ಒರಳಿನಲ್ಲಿ ಹಿಟ್ಟು ರುಬ್ಬಿದಂತೆ. ಹಾಗಾಗಿ ಮುಂದಿನ ಖರ್ಚು ಪವರ್ ಸ್ಟಿಯರಿಂಗಿಗೆ. ಅದರ ನಂತರ ವಿಂಚು, ಎಲ್‌ಇಡಿ ದೀಪ, ಮತ್ತೆ ಹಸಿರು ಬಣ್ಣ.

ಬ್ರೇಕಿನ ಸರದಿ ಇನ್ನೂ ಬಂದಿಲ್ಲ ಎಂಬುದನ್ನು ಮಹಾಶಯರು ಗಮನಿಸಿರಬಹುದು.

ಎಂ35ಎ2 ಲಾರಿಯ ಆರು ಡ್ರಮ್ ಬ್ರೇಕುಗಳಿಗೆ ಇರುವುದು ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಸರ್ಕೀಟು. ಪೆಡಲು ತುಳಿದಾಗ ಏಳುವ ದ್ರವದ ಒತ್ತಡವನ್ನು ಏರ್‌ಪ್ಯಾಕ್ ಎಂಬ ಸಾಧನ ಗಾಳಿಯ ಬಲದಿಂದ ಹೆಚ್ಚಿಸಿ ಎಲ್ಲ ಚಕ್ರಗಳಿಗೂ ಹಂಚುತ್ತದೆ. ಹಳೆಯ ರಬ್ಬರ್ ಹೋಸ್ ಒಂದು ಒಡೆದರೆ, ತುಕ್ಕು ಹಿಡಿದ ಪೈಪೊಂದು ಬಿರುಕು ಬಿಟ್ಟರೆ, ಒಂದು ವೀಲ್ ಸಿಲಿಂಡರು ಸೋರಿದರೆ, ಒಂದು ಚಕ್ರದ ಬ್ರೇಕು ಹೋಗುವುದಿಲ್ಲ; ಆರೂ ಹೋಗುತ್ತವೆ. ಉಳಿಯುವುದು ಹ್ಯಾಂಡ್‌ಬ್ರೇಕು. ಅದು ಹಿಡಿಯುವುದು ಚಕ್ರಗಳನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ತಿರುಗುವ ಶಾಫ್ಟನ್ನು. ನಿಂತ ಲಾರಿಯನ್ನು ನಿಲ್ಲಿಸಿಡಲು ಅದು ಸಮರ್ಥ.

ಅಮೆರಿಕದಲ್ಲಿ ಹೊಸ ಕಾರುಗಳಿಗೆ ಎರಡು ಸರ್ಕೀಟಿನ ಬ್ರೇಕು ಕಡ್ಡಾಯವಾದದ್ದು 1968ರಲ್ಲಿ. ಸೇನೆಗೆಂದೇ ತಯಾರಾದ ವಾಹನಗಳಿಗೆ ಆ ನಿಯಮಗಳಿಂದ ವಿನಾಯಿತಿ ಇದೆ. ಲಾರಿ ಸೇನೆಯಿಂದ ನಿವೃತ್ತವಾಗಿ ಶಾಲೆಯ ಮುಂದಿನ ರಸ್ತೆಗೆ ಬಂದರೂ ವಿನಾಯಿತಿ ಮಾತ್ರ ಅದರ ಜೊತೆಗೇ ಬಂದಿದೆ. ಇಷ್ಟು ಸಾಲದೆಂಬಂತೆ ದ್ರವದ ಗೊಂದಲವೂ ಸೇರಿಕೊಂಡಿತು. 1980ರ ದಶಕದಲ್ಲಿ ಸೇನೆ ಸಿಲಿಕೋನಿನ ಡಾಟ್ 5 ದ್ರವಕ್ಕೆ ಬದಲಾಯಿಸಿತು. ಮಾಲೀಕರು ಅಂಗಡಿಯಲ್ಲಿ ಸಿಕ್ಕಿದ ಡಾಟ್ 3 ತಂದು ಅದರ ಮೇಲೆಯೇ ಸುರಿಯುತ್ತಾರೆ. ಎರಡೂ ಒಂದರಲ್ಲೊಂದು ಬೆರೆಯುವುದಿಲ್ಲ. ಯಾವುದಾದರೂ ಒಂದನ್ನೇ ಇಟ್ಟುಕೊಂಡು, ಇನ್ನೊಂದನ್ನು ಪೂರ್ತಿ ತೆಗೆದು ತೊಳೆಯಬೇಕು.

ಪರಿಹಾರ ಹೊಸದೇನಲ್ಲ. ಎರಡು ಕೋಣೆಯ ಮಾಸ್ಟರ್ ಸಿಲಿಂಡರು ಕೂರಿಸಿ ಮುಂದಿನ ಆಕ್ಸಲ್ಲಿಗೂ ಹಿಂದಿನವಕ್ಕೂ ಪ್ರತ್ಯೇಕ ಪೈಪು ಎಳೆದರೆ ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ಹಾಗೆ ಮಾಡಿರುವ ಮಾಲೀಕರಿದ್ದಾರೆ. ಅವರ ಲಾರಿಗಳು ಸಿಳ್ಳೆ ಹಾಕಿದರೂ ಕ್ಷಮೆಗೆ ಅರ್ಹ. ಆದರೆ ಈ ಕೆಲಸದಲ್ಲೊಂದು ದೊಡ್ಡ ದೋಷವಿದೆ: ಮಾಡಿದ್ದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಾಗುವುದಿಲ್ಲ.

ಆದಕಾರಣ, ಮುಂದಿನ ಜೊತೆ ಟೈರಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಎಲ್ಲ ಬ್ರೇಕ್ ಹೋಸುಗಳನ್ನೂ ವೀಲ್ ಸಿಲಿಂಡರುಗಳನ್ನೂ ಬದಲಾಯಿಸಿ, ಸರ್ಕೀಟನ್ನು ಎರಡಾಗಿ ಮಾಡಿಸಬೇಕೆಂದು ಕೈಮುಗಿದು ಕೇಳಿಕೊಳ್ಳಲಾಗಿದೆ.

ಇತಿ,
ಇಳಿಜಾರಿನ ಬುಡದ ಸಿಗ್ನಲ್ಲಿನಲ್ಲಿ ನಿಂತಿರುವ ಸಣ್ಣ ಕಾರುಗಳ ಸಮಸ್ತ ಚಾಲಕರು