ಕೊಳೆಯುವ ಸರಕು ಮತ್ತು ಮನವಿಪತ್ರ: ಕೋಲಾರ ಸೀಮೆಯ ಸಮಿತಿಶಾಸ್ತ್ರಕ್ಕೊಂದು ಕಿರುಭಾಷ್ಯ

ಸೂತ್ರ: ಸರಕು ಎಷ್ಟು ಬೇಗ ಕೊಳೆಯುವುದೋ ಸರ್ಕಾರ ಅಷ್ಟು ಬೇಗ ಏಳುವುದು.

ಭಾಷ್ಯ: ಇಲ್ಲಿ ಸರಕೆಂದರೆ ಮಾವು, ಟೊಮೆಟೊ ಇತ್ಯಾದಿ. ಸರ್ಕಾರವೆಂದರೆ ಡಿ.ಸಿ. ಆಫೀಸಿನಿಂದ ದಿಲ್ಲಿಯವರೆಗೆ ವ್ಯಾಪಿಸಿರುವ ತತ್ತ್ವ. ಇವೆರಡಕ್ಕೂ ಗಂಟು ಹಾಕಲು ಲೆಟರ್‌ಹೆಡ್ ಹಿಡಿದು ತಿರುಗುವ, ಸಂಬಳವಿಲ್ಲದ ಜೀವಿಗಳ ಗುಂಪೇ ಸಮಿತಿ.

ಪೂರ್ವಪಕ್ಷದವರು ಒಪ್ಪುವುದಿಲ್ಲ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಹುಟ್ಟಿದ ಮೈಸೂರು ವಾಣಿಜ್ಯ ಮಂಡಳಿಯನ್ನೇ (ಇಂದಿನ ಎಫ್‌ಕೆಸಿಸಿಐ) ಪ್ರಮಾಣವಾಗಿ ತಂದು, ನೀತಿ ಬದಲಾಗುವುದು ಅಂಕಿಅಂಶದಿಂದ, ಉಪಸಮಿತಿಯ ತರ್ಕದಿಂದ ಎನ್ನುತ್ತಾರೆ. ಪಾಪ, ಅವರು ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಮಂಡಿಗೆ ಬಂದವರಲ್ಲ.

2025ರ ಜೂನ್ ನೋಡಿ. ತೋತಾಪುರಿ ಮಾವಿನ ಬೆಲೆ ನೆಲಕಚ್ಚಿತ್ತು. ಸಾಲದೆಂಬಂತೆ, ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಗಡಿಯಲ್ಲಿ ತಡೆ ಹಾಕಿತು. ಪಲ್ಪ್ ಫ್ಯಾಕ್ಟರಿಗಳು ಆಚೆ, ಕಾಯಿ ಈಚೆ. ಶ್ರೀನಿವಾಸಪುರ ಬಂದ್ ಆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ತಿಂಗಳು ಮುಗಿಯುವುದರೊಳಗೆ ಕೇಂದ್ರವು 2.5 ಲಕ್ಷ ಟನ್ ಮಾವಿಗೆ, ಕ್ವಿಂಟಲ್‌ಗೆ 1,616 ರೂಪಾಯಿಯ ಲೆಕ್ಕದಲ್ಲಿ, ಬೆಲೆ ವ್ಯತ್ಯಾಸ ಭರಿಸಲು ಒಪ್ಪಿತು. ಇಷ್ಟು ವೇಗ ಯಾವ ತರ್ಕಕ್ಕಿದೆ? ಹಣ್ಣಿನ ನೊಣಕ್ಕೆ ಮಾತ್ರ ಇದೆ.

ಇನ್ನು ಮಾಲೂರು. ಅಲ್ಲಿಯದು ಹೆಂಚು, ಇಟ್ಟಿಗೆ. ಸುಟ್ಟ ಇಟ್ಟಿಗೆ ನೂರು ವರ್ಷ ಇಟ್ಟರೂ ಕೆಡದು; ಅದರ ಮನವಿಯೂ ಕಡತದಲ್ಲಿ ಹಾಗೆಯೇ ಬಾಳುತ್ತದೆ.

ಸೂತ್ರಕ್ಕೆ ಒಂದು ಅಪವಾದವುಂಟು, ಅದು ನೀರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ದಶಕಗಳ ಕಾಲ ಶಾಶ್ವತ ನೀರಾವರಿಗೆ ಮೊರೆಯಿಟ್ಟಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆಯೇ ಎರಡು ಹಂತ ಶುದ್ಧಿಗೊಂಡು ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ಇಲ್ಲಿ ಸರಕು ಮೊದಲೇ ಕೊಳೆತಿತ್ತು, ಸರ್ಕಾರ ಆಮೇಲೆ ಎದ್ದಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ಈ ಭಾಷ್ಯದ ವ್ಯಾಪ್ತಿಗೆ ಬಾರದು. ಅದಕ್ಕೆ ಬೇರೆ ಉಪಸಮಿತಿ.

ಉಪಸೂತ್ರ: ಯಾರಿಗೆ ಬಿಡುವುಂಟೋ ಅವರ ಕಷ್ಟವೇ ಜಿಲ್ಲೆಯ ಕಷ್ಟ.

ಭಾಷ್ಯ: ಸಮಿತಿಯ ಕೆಲಸ ಸ್ವಯಂಸೇವೆ, ಅಂದಮೇಲೆ ಸಭೆಗೆ ಬರುವವರು ಬೆಳಿಗ್ಗೆ ಹನ್ನೊಂದಕ್ಕೆ ಬಿಳಿ ಅಂಗಿ ತೊಟ್ಟು ಬರಬಲ್ಲವರು. ಆ ಹೊತ್ತಿಗೆ ಕಾಯಿ ಕೀಳುವವನು ಮರದ ಮೇಲಿರುತ್ತಾನೆ. ಹಾಗಾಗಿ ಮನವಿಯ ಮೊದಲ ನಾಲ್ಕು ಅಂಶ ಮಂಡಿಯವರದು, ಐದನೆಯದು ‘ರೈತರ ಹಿತದೃಷ್ಟಿಯಿಂದ’ ಎಂಬ ಪದಪುಂಜ. ಮುಳಬಾಗಿಲಿನಲ್ಲಿ ಸಭೆ ಕರೆದರೆ ಕೋರಂ ತಪ್ಪುವುದಿಲ್ಲ. ಕೋರಂ ವಿಚಾರದಲ್ಲಿ ಆ ಊರಿನ ಹೆಸರುವಾಸಿ ದೋಸೆಯ ಪಾತ್ರವನ್ನು ಪೂರ್ವಾಚಾರ್ಯರು ಏಕೋ ಕಡೆಗಣಿಸಿದ್ದಾರೆ.

ಬೆಲೆ ಏರಿದಾಗ ಸಮಿತಿಗೆ ಸಮಾಧಿ ಸ್ಥಿತಿ. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಅಗ್ಗದ ದಿನಗಳಿಗೆ ಶೈತ್ಯಾಗಾರ, ಸಂಸ್ಕರಣಾ ಘಟಕ ಕೇಳಿಡಲು ಅದಕ್ಕಿಂತ ಒಳ್ಳೆಯ ಕಾಲವಿರಲಿಲ್ಲ. ಆದರೆ ಜೇಬು ತುಂಬಿದವನು ಠರಾವು ಬರೆಯುವುದನ್ನು ಯಾವ ಶಾಸ್ತ್ರವೂ ಹೇಳಿಲ್ಲ.

ಆದಕಾರಣ ಮಾಲೂರಿನ ಮಹನೀಯರಲ್ಲಿ ವಿನಂತಿ: ಮುಂದಿನ ಮನವಿಯನ್ನು ಜೂನ್‌ನಲ್ಲೇ ಕೊಡಿ, ಚೆನ್ನಾಗಿ ಕಳಿತ ಎರಡು ಕ್ರೇಟ್ ತೋತಾಪುರಿಯ ತಳದಲ್ಲಿಟ್ಟು.