ಅಜ್ಜಿ ಸ್ಯಾಲರಿ ಸ್ಲಿಪ್ ಕೊಡಲಿಲ್ಲ

ಮುದುಕರ ಬೆನ್ನು ಒರೆಸುವುದು ಕೌಶಲವೋ ಅಲ್ಲವೋ ಎಂಬುದನ್ನು ಬ್ರಿಟನ್ ಸರ್ಕಾರ ಇಷ್ಟು ವರ್ಷವಾದರೂ ಬಗೆಹರಿಸಿಕೊಂಡಿಲ್ಲ. 2020ರ ಫೆಬ್ರವರಿಯಲ್ಲಿ ವಲಸಿಗರಿಗೆ ಹೊಸ ಪಾಯಿಂಟ್ ಪದ್ಧತಿ ಪ್ರಕಟಿಸಿದಾಗ ಅದು ಕೌಶಲವಾಗಿರಲಿಲ್ಲ. ಇಂಥ ಕೆಲಸಕ್ಕೆ ಹೊರಗಿನವರು ಬೇಡ ಎಂದುಬಿಟ್ಟರು. ಮುಂದಿನ ತಿಂಗಳೇ ಕೊರೊನಾ ಲಾಕ್‌ಡೌನ್ ಬಂತು. ಗುರುವಾರ ರಾತ್ರಿ ಎಂಟಾದರೆ ಸಾಕು, ಪ್ರಧಾನಿಯಾದಿಯಾಗಿ ಎಲ್ಲರೂ ಬಾಗಿಲಿಗೆ ಬಂದು ನರ್ಸುಗಳಿಗೂ ಆರೈಕೆಯವರಿಗೂ ಚಪ್ಪಾಳೆ ತಟ್ಟತೊಡಗಿದರು. (ನಾವು ಅವರಿಗಿಂತ ನಾಲ್ಕು ದಿನ ಮೊದಲೇ ತಟ್ಟೆ ಬಡಿದು ಮುಗಿಸಿದ್ದೆವು. ಈ ಒಂದು ವಿಷಯದಲ್ಲಿ ನಾವು ವಿಶ್ವಗುರುಗಳೇ ಸರಿ.)

ಚಪ್ಪಾಳೆಯಿಂದ ಯಾರ ಡಯಾಪರೂ ಬದಲಾಗುವುದಿಲ್ಲ ಎಂದು ಗೊತ್ತಾಗಲು ಸುಮಾರು ಎರಡು ವರ್ಷ ಹಿಡಿಯಿತು. ಇಂಗ್ಲೆಂಡಿನ ಆರೈಕೆ ಕ್ಷೇತ್ರದಲ್ಲಿ ಖಾಲಿ ಹುದ್ದೆಗಳು ಲಕ್ಷದ ಅರವತ್ತು ಸಾವಿರ ದಾಟಿದ್ದವು. 2022ರ ಫೆಬ್ರವರಿ 15ರಂದು ಆರೈಕೆ ಕೆಲಸವನ್ನು ಕೊರತೆ ಇರುವ ಉದ್ಯೋಗಗಳ ಪಟ್ಟಿಗೆ ಸೇರಿಸಿ, ವರ್ಷಕ್ಕೆ 20,480 ಪೌಂಡು ಸಂಬಳ ಕೊಡುವುದಾದರೆ ಹೊರಗಿನವರನ್ನು ಕರೆಸಿಕೊಳ್ಳಿ ಎಂದರು. ಅದೇ ಬೆನ್ನು, ಅದೇ ಟವೆಲು. ಸುತ್ತೋಲೆ ಹೊಸದು, ಹಾಗಾಗಿ ಕೌಶಲವೂ ಬಂತು.

ಸುದ್ದಿ ಹಾಸನದ ಬೇಕರಿಯೊಂದರ ಮೇಲಿನ ಮಹಡಿಗೂ ತಲುಪಿತು. ಅಲ್ಲಿ ಅದುವರೆಗೆ ಸ್ಪೋಕನ್ ಇಂಗ್ಲಿಷ್ ಮತ್ತು ಟ್ಯಾಲಿ ಕಲಿಸುತ್ತಿದ್ದರು. ರಾತ್ರೋರಾತ್ರಿ ಬೋರ್ಡು ಬದಲಾಯಿತು, ಗೋಡೆಗೆ ಬಿಗ್ ಬೆನ್ ಗಡಿಯಾರದ ಪೋಸ್ಟರು ಬಂತು, ಮೇಷ್ಟ್ರು ‘ಓವರ್‌ಸೀಸ್ ಕನ್ಸಲ್ಟೆಂಟ್’ ಆದರು. ಅವರು ಜೀವಮಾನದಲ್ಲಿ ಸಮುದ್ರಕ್ಕೆ ಇಳಿದದ್ದು ಪಣಂಬೂರಿನಲ್ಲಿ, ಅದೂ ಮೊಣಕಾಲಿನವರೆಗೆ.

ಅವರೆದುರು ಬಂದು ಕೂತವಳು ಬಿ.ಕಾಂ. ಮುಗಿಸಿದ ಹುಡುಗಿ. ಅಜ್ಜಿಗೆ ಲಕ್ವ ಹೊಡೆದ ದಿನದಿಂದ ಅವರು ತೀರಿಕೊಳ್ಳುವ ದಿನದವರೆಗೆ ನೋಡಿಕೊಂಡವಳು ಅವಳೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಳು, ರಾತ್ರಿಯೂ ಅಲಾರಂ ಇಟ್ಟುಕೊಂಡು. ಗಂಜಿ ಕುಡಿಸುವಾಗ ತಲೆಗೆ ದಿಂಬು ಕೊಟ್ಟು, ಒಂದು ಚಮಚ ಗಂಟಲಲ್ಲಿ ಇಳಿದದ್ದನ್ನು ಕಣ್ಣಾರೆ ನೋಡಿಯೇ ಇನ್ನೊಂದು ಚಮಚ. ಮಾತು ನಿಂತಿದ್ದ ಅಜ್ಜಿ ಹುಬ್ಬು ಗಂಟಿಕ್ಕಿದರೆ ಒಂದು ಅರ್ಥ, ಎಡಗೈ ಬೆರಳು ಹಾಸಿಗೆಗೆ ಬಡಿದರೆ ಇನ್ನೊಂದು. ಮೂರು ವರ್ಷ ಮಲಗಿದಲ್ಲೇ ಮಲಗಿದ್ದ ಮುದುಕಿಯ ಬೆನ್ನಲ್ಲಿ ಒಂದು ಹುಣ್ಣೂ ಏಳಲಿಲ್ಲ.

“ಅಜ್ಜಿ ಎಕ್ಸ್‌ಪೀರಿಯನ್ಸ್ ನಡೆಯಲ್ಲಮ್ಮ,” ಎಂದರು ಕನ್ಸಲ್ಟೆಂಟರು. “ಸ್ಯಾಲರಿ ಸ್ಲಿಪ್ ಇದ್ಯಾ?”

“ಅಜ್ಜಿ ಯಾರಿಗಾದ್ರೂ ಸ್ಯಾಲರಿ ಸ್ಲಿಪ್ ಕೊಡ್ತಾರಾ ಸಾರ್?”

“ಅದೇ ಪ್ರಾಬ್ಲಂ ಆಗಿರೋದು. ಇರಲಿ, ಮಾಡಿಸೋಣ.”

ಮಾಡಿಸುವುದಕ್ಕೆ ದೂರ ಹೋಗಬೇಕಿರಲಿಲ್ಲ. ವೃದ್ಧಾಶ್ರಮವೊಂದರ ಲೆಟರ್‌ಹೆಡ್ಡು ಡ್ರಾಯರಿನಲ್ಲೇ ಇತ್ತು. ಎರಡು ವರ್ಷದ ಅನುಭವಕ್ಕೆ ಇಪ್ಪತ್ತೈದು ಸಾವಿರ, ಮೂರು ವರ್ಷದ್ದಾದರೆ ಮೂವತ್ತು. ನಿಜವಾಗಿ ಮಾಡಿದ ಮೂರು ವರ್ಷಕ್ಕೆ ಸೊನ್ನೆ, ಮಾಡದ ಮೂರು ವರ್ಷಕ್ಕೆ ಸೀಲು.

ದುಡ್ಡಿನ ವಿಷಯದಲ್ಲಿ ಎರಡೂ ದೇಶಗಳ ಕಾನೂನು ಬಹಳ ಕಟ್ಟುನಿಟ್ಟು. ಬ್ರಿಟನ್ನಿನಲ್ಲಿ ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರರಿಂದ ಏಜೆನ್ಸಿ ದುಡ್ಡು ಕೇಳುವಂತಿಲ್ಲ. 1973ರಿಂದ ಇರುವ ಕಾಯಿದೆ ಅದು. ನಮ್ಮಲ್ಲಿ ನೋಂದಾಯಿತ ಏಜೆಂಟರು ಮೂವತ್ತು ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ತೆಗೆದುಕೊಳ್ಳಬಹುದು, ಒಂದು ಪೈಸೆ ಹೆಚ್ಚಿಗೆ ಕೂಡದು. ಮೂರು ವರ್ಷದವರೆಗಿನ ವೀಸಾಕ್ಕೆ ಆಗ ಇದ್ದ ಸರ್ಕಾರಿ ಶುಲ್ಕ 284 ಪೌಂಡು, ಅದೂ ಹೆಚ್ಚುಕಡಿಮೆ ಮೂವತ್ತು ಸಾವಿರವೇ. ಇಷ್ಟನ್ನೆಲ್ಲ ಕೂಡಿಸಿ ಕನ್ಸಲ್ಟೆಂಟರು ಹೇಳಿದ ಮೊತ್ತ ಹದಿನಾಲ್ಕು ಲಕ್ಷ. ಲೆಕ್ಕ ಕೇಳಿದ್ದಕ್ಕೆ “ಸಿಒಎಸ್ ಬರಬೇಕಲ್ಲಮ್ಮ” ಎಂದರು. ಅಂದರೆ ಅಲ್ಲಿನ ಮಾಲೀಕರು ‘ಇವಳನ್ನು ನಾವು ಕರೆಸಿಕೊಳ್ಳುತ್ತಿದ್ದೇವೆ’ ಎಂದು ಸರ್ಕಾರದ ಕಂಪ್ಯೂಟರಿನಲ್ಲಿ ದಾಖಲಿಸಿ ಪಡೆಯುವ ಒಂದು ನಂಬರು. ಅದನ್ನು ಮಾರುವಂತಿಲ್ಲ. ಮಾರಿದವರೂ ಇಲ್ಲ, ಎಲ್ಲ ರಸೀದಿಗಳಲ್ಲೂ ‘ಡಾಕ್ಯುಮೆಂಟೇಷನ್ ಚಾರ್ಜ್’ ಎಂದೇ ಇದೆ. ಅದೂ ರಸೀದಿ ಕೊಟ್ಟರೆ. ಅಪ್ಪ ರಸ್ತೆ ಬದಿಯ ಅರ್ಧ ಎಕರೆ ಮಾರಿದರು, ಅಮ್ಮನ ಒಡವೆ ಸೊಸೈಟಿಯಲ್ಲಿ ಅಡವಿಗೆ ಹೋಯಿತು.

ಅರ್ಜಿ ತುಂಬುವುದು ಒಂದು ಸಾಹಿತ್ಯಾನುಭವವಾಗಿತ್ತು. ಕ್ಷಯ ಇಲ್ಲ ಎಂಬ ಸರ್ಟಿಫಿಕೇಟು, ಪೊಲೀಸರಿಂದ ಗುಣನಡತೆ, ಓದು-ಬರಹ-ಮಾತು-ಕೇಳುವಿಕೆ ನಾಲ್ಕರಲ್ಲೂ ಬಿ-1 ದರ್ಜೆಯ ಇಂಗ್ಲಿಷ್, ಮಾಲೀಕರು ಹೊಣೆ ಹೊರದಿದ್ದರೆ ಬ್ಯಾಂಕಿನಲ್ಲಿ 1,270 ಪೌಂಡು ಸತತ 28 ದಿನ ಅಲ್ಲಾಡದೆ ಇದ್ದುದಕ್ಕೆ ಸಾಕ್ಷಿ. ಆಮೇಲೆ ಪ್ರಶ್ನೆಗಳು. ನೀವು ಭಯೋತ್ಪಾದನೆಯಲ್ಲಿ ತೊಡಗಿದ್ದೀರಾ? ಯುದ್ಧಾಪರಾಧ ಎಸಗಿದ್ದೀರಾ? ನರಮೇಧದಲ್ಲಿ ಪಾಲ್ಗೊಂಡಿದ್ದೀರಾ? ಹೊಳೆನರಸೀಪುರ ತಾಲ್ಲೂಕಿನ ಹುಡುಗಿ ಪ್ರತಿಯೊಂದಕ್ಕೂ ಯೋಚಿಸಿ ‘ಇಲ್ಲ’ ಎಂದು ಗುರುತು ಹಾಕಿದಳು. ವಾಂತಿ ಬಳಿಯಲು ನಿಮಗೆ ಅಸಹ್ಯವೇ, ಒಂದೇ ಮಾತನ್ನು ಹತ್ತು ಸಲ ಕೇಳುವ ಮುದುಕರ ಮೇಲೆ ರೇಗುತ್ತೀರಾ ಎಂಬ ಕಾಲಂ ಎಲ್ಲೂ ಸಿಗಲಿಲ್ಲ. ನರಮೇಧ ಮಾಡದವರೆಲ್ಲರೂ ಆರೈಕೆಗೆ ಅರ್ಹರು ಎಂಬುದು ಅರ್ಜಿಯ ತತ್ತ್ವ.

ಮಾಲೀಕರ ಆನ್‌ಲೈನ್ ಸಂದರ್ಶನಕ್ಕೆ ಕೋಚಿಂಗು ಬೇರೆ.

“ಪೇಷಂಟಿಗೆ ಸ್ನಾನ ಮಾಡಿಸೋ ಮುಂಚೆ ಮೊದಲು ಏನ್ ಮಾಡ್ತೀಯಮ್ಮ?”

“ನೀರು ಹದವಾಗಿದ್ಯಾ ಅಂತ ಮೊಣಕೈ ಅದ್ದಿ ನೋಡ್ತೀನಿ.”

“ತಪ್ಪು. ಕನ್ಸೆಂಟ್ ತಗೋಬೇಕು. ಆಮೇಲೆ ಕೇರ್ ಪ್ಲಾನ್ ಓದಬೇಕು. ಆಮೇಲೆ ಗ್ಲೌಸ್ ಹಾಕ್ಕೋಬೇಕು.”

“ಅಷ್ಟರಲ್ಲಿ ನೀರು ಆರಿಹೋಗಲ್ವಾ ಸಾರ್?”

ಒಪ್ಪಿಗೆ ಕೇಳಬೇಕು ಎಂಬುದು ಒಳ್ಳೆಯ ನಿಯಮವೇ. ನಮ್ಮ ಮನೆಗಳಲ್ಲಿ ಅಜ್ಜಿಯರ ಒಪ್ಪಿಗೆ ಕೇಳಿ ಯಾರೂ ಏನೂ ಮಾಡಿದ ದಾಖಲೆ ಇಲ್ಲ. ಆದರೆ ಆ ಮೇಷ್ಟ್ರ ಬಾಯಲ್ಲಿ ಅದು ಒಂದು ಅಂಕದ ಉತ್ತರವಾಗಿತ್ತು. ಹುಡುಗಿ ಬಾಯಿಪಾಠ ಮಾಡಿದಳು. ‘ಡಿಗ್ನಿಟಿ’ ಎಂಬ ಪದ ಸಂದರ್ಶನದಲ್ಲಿ ಕನಿಷ್ಠ ಮೂರು ಸಲ ಬರಬೇಕು ಎಂದು ಅವರೇ ಹೇಳಿಕೊಟ್ಟಿದ್ದರು.

ಇಷ್ಟೆಲ್ಲ ತಪಾಸಣೆ ಅರ್ಜಿ ಹಾಕುವ ಹುಡುಗಿಗೆ. ಕರೆಸಿಕೊಳ್ಳುವವರ ತಪಾಸಣೆ ಹೇಗಿತ್ತು ಎಂಬುದನ್ನು ಬ್ರಿಟನ್ನಿನ ಗಡಿ ಮತ್ತು ವಲಸೆ ವಿಭಾಗದ ಸ್ವತಂತ್ರ ಇನ್‌ಸ್ಪೆಕ್ಟರ್ ಡೇವಿಡ್ ನೀಲ್ ಬರೆದಿಟ್ಟರು. 2024ರ ಮಾರ್ಚಿನಲ್ಲಿ ಹೊರಬಿದ್ದ ಅವರ ವರದಿಯ ಪ್ರಕಾರ, ಅಸ್ತಿತ್ವದಲ್ಲೇ ಇಲ್ಲದ ಆರೈಕೆ ಮನೆಯೊಂದಕ್ಕೆ ಸರ್ಕಾರ 275 ಸಿಒಎಸ್ ಮಂಜೂರು ಮಾಡಿತ್ತು. ಇಲ್ಲದ ಮನೆಯಲ್ಲಿ ಇಲ್ಲದ ಮುದುಕರನ್ನು ನೋಡಿಕೊಳ್ಳಲು 275 ಜನ! ನಮ್ಮಲ್ಲಿ ಸಿಬ್ಬಂದಿ ನಾಲ್ಕೇ ಜನ ಎಂದು ತಾನಾಗಿ ಹೇಳಿಕೊಂಡಿದ್ದ ಇನ್ನೊಂದು ಕಂಪನಿಗೆ 1,234. ಎಟಿಎಂ ಪಿನ್ ಆಗಿದ್ದರೆ ಬ್ಯಾಂಕಿನವರೂ ಬೇಡ ಎನ್ನುತ್ತಿದ್ದ ಸಂಖ್ಯೆ, ಗೃಹ ಇಲಾಖೆಯಲ್ಲಿ ಸರಾಗವಾಗಿ ಪಾಸಾಯಿತು. ವರದಿ ಹೊರಬರುವಷ್ಟರಲ್ಲಿ ಇನ್‌ಸ್ಪೆಕ್ಟರರ ಕೆಲಸ ಹೋಗಿತ್ತು. ಕಾರಣ ಇದಲ್ಲ, ಇನ್ನೊಂದು ವಿಷಯದ ಮಾಹಿತಿಯನ್ನು ಪತ್ರಿಕೆಗೆ ಕೊಟ್ಟರಂತೆ. ಆ ಇಲಾಖೆಯಲ್ಲಿ ಹುಷಾರಾಗಿ ಪರಿಶೀಲಿಸಿ ಕಳೆದದ್ದು ಅವರೊಬ್ಬರನ್ನೇ ಇರಬೇಕು. ಅಸ್ತಿತ್ವದಲ್ಲಿದ್ದ ಅಜ್ಜಿಗೆ ಕಾಗದ ಇರಲಿಲ್ಲ, ಕಾಗದ ಇದ್ದ ಆರೈಕೆ ಮನೆಗೆ ಅಸ್ತಿತ್ವ ಇರಲಿಲ್ಲ. ನಿಯಮ ಯಾರ ಪರ ಎಂದು ಕೇಳಬೇಕಾಗಿಲ್ಲ.

ಈ ನಡುವೆ ಮದುವೆ ಮಾರುಕಟ್ಟೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ಕಥೆ ಅರ್ಧವೇ. ಆರೈಕೆ ವೀಸಾದವರು ಗಂಡ ಅಥವಾ ಹೆಂಡತಿಯನ್ನೂ ಮಕ್ಕಳನ್ನೂ ‘ಡಿಪೆಂಡೆಂಟ್’ ಎಂದು ಕರೆದೊಯ್ಯಬಹುದಿತ್ತು. ಹುಡುಗಿಯ ಫೈಲು ಓಡಾಡುತ್ತಿದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಬ್ರೋಕರು ಮನೆ ಬಾಗಿಲಲ್ಲಿ ಹಾಜರು. “ಹುಡುಗಿಗೆ ಬಣ್ಣ ಕಮ್ಮಿ” ಎಂದು ಹಿಂದಿನ ವರ್ಷ ಎದ್ದುಹೋಗಿದ್ದವರೇ “ವೀಸಾ ಚೆನ್ನಾಗಿದೆ” ಎಂದು ಬಂದು ಕೂತರು. ಹೆಂಡತಿ ದುಡಿದು ತಿನ್ನಿಸುವುದು ಮರ್ಯಾದೆಗೆ ಕಡಿಮೆ ಎಂದು ಮೀಸೆ ತಿರುವುತ್ತಿದ್ದ ಮನೆತನಗಳ ಗಂಡುಗಳು ಹೆಂಡತಿಯ ಡಿಪೆಂಡೆಂಟ್ ಆಗಲು ಫೋಟೊ ಸಮೇತ ಸಾಲುಗಟ್ಟಿದರು. ನೂರು ವರ್ಷದ ಸುಧಾರಣಾ ಚಳವಳಿಗಳಿಂದ ಆಗದ ಕೆಲಸ ಒಂದು ವಲಸೆ ನಿಯಮದಿಂದ ಆಗಿಹೋಗುವುದರಲ್ಲಿತ್ತು.

ಅಷ್ಟರಲ್ಲಿ ಲಂಡನ್ನಿನವರು ಲೆಕ್ಕ ಹಾಕಿದರು. 2023ರ ಸೆಪ್ಟೆಂಬರಿಗೆ ಕೊನೆಗೊಂಡ ವರ್ಷದಲ್ಲಿ ಸುಮಾರು ಒಂದು ಲಕ್ಷ ಕೆಲಸಗಾರರ ಜತೆ ಸುಮಾರು 1,20,000 ಅವಲಂಬಿತರು ಬಂದಿದ್ದಾರೆ! ಮುದುಕರ ಮಲಮೂತ್ರ ಬಳಿಯಲು ಕೈ ಕೇಳಿದರೆ, ಕೈಯ ಹಿಂದೆ ತೋಳು, ತೋಳಿನ ಹಿಂದೆ ಆಳು, ಆಳಿನ ಹಿಂದೆ ಗಂಡ, ಶಾಲೆಗೆ ಹೋಗುವ ಮಗು. 2024ರ ಮಾರ್ಚ್ 11ರಿಂದ ಹೊಸದಾಗಿ ಬರುವ ಆರೈಕೆಯವರು ಸಂಸಾರ ಕರೆತರುವಂತಿಲ್ಲ ಎಂದು ಆದೇಶವಾಯಿತು. ಕುಟುಂಬಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಕುಟುಂಬವಿಲ್ಲದೆ ಬನ್ನಿ. ಮಾರ್ಚ್ 12ಕ್ಕೆ ಬ್ರೋಕರಿನ ಫೋನು ಸ್ವಿಚ್ ಆಫ್. ಹುಡುಗಿಯ ಬಣ್ಣ ಮತ್ತೆ ಕಮ್ಮಿಯಾಯಿತು.

ಆದರೂ ಅವಳು ಹೋದಳು. ಅರ್ಧ ಎಕರೆ ವಾಪಸು ಬರುವುದಿಲ್ಲವಲ್ಲ. ಇಂಗ್ಲೆಂಡಿನ ನಡುಭಾಗದ ಒಂದು ಊರು, ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸ. ಅದಕ್ಕೆ ಕಾರು ಓಡಿಸಲು ಬರಬೇಕು ಎಂಬುದು ಇಳಿದ ಮೇಲೆ ತಿಳಿಯಿತು. ಅವಳಿಗೆ ಬರುತ್ತಿದ್ದುದು ಸ್ಕೂಟಿ. ಮಳೆಯಲ್ಲಿ ಬಸ್ಸು ಹಿಡಿದು ಹೋದರೆ ಒಬ್ಬ ಮುದುಕಿಗೆ ಹದಿನೈದು ನಿಮಿಷ. ಅಷ್ಟರಲ್ಲಿ ಎಬ್ಬಿಸಬೇಕು, ತೊಳೆಯಬೇಕು, ಬಟ್ಟೆ ಹಾಕಬೇಕು, ಮಾತ್ರೆ ಕೊಡಬೇಕು, ಇಷ್ಟನ್ನೂ ಮೊಬೈಲ್ ಆಪಿನಲ್ಲಿ ಒತ್ತಬೇಕು. ಸಂಬಳ ಆ ಹದಿನೈದು ನಿಮಿಷಕ್ಕೆ, ಮುಂದಿನ ಮನೆಗೆ ನಡೆಯುವ ಅರ್ಧ ಗಂಟೆ ಅವಳ ಸ್ವಂತ ವಾಯುವಿಹಾರ. ಗಂಜಿ ಗಂಟಲಲ್ಲಿ ಇಳಿಯಿತೇ ಎಂದು ನೋಡುತ್ತ ಕೂರುವ ಅವಳ ಹಳೆಯ ಅಭ್ಯಾಸ ನೋಡಿ ಮ್ಯಾನೇಜರು ‘ಸ್ಲೋ’ ಎಂದು ಬರೆದರು.

ವಾರಕ್ಕೆ ಮೂವತ್ತೊಂಬತ್ತು ಗಂಟೆ ಕೆಲಸ ಎಂದು ಕಾಗದದಲ್ಲಿತ್ತು, ಸಿಕ್ಕಿದ್ದು ಹದಿನೆಂಟು. ದೂರು ಕೊಡಬಹುದಿತ್ತು. ಕೊಟ್ಟರೆ ಹೊರಗಿನವರನ್ನು ಕರೆಸಿಕೊಳ್ಳಲು ಕಂಪನಿಗಿದ್ದ ಲೈಸೆನ್ಸ್ ರದ್ದಾಗಬಹುದು, ರದ್ದಾದರೆ ಅರವತ್ತು ದಿನದೊಳಗೆ ಹೊಸ ಮಾಲೀಕರನ್ನು ಹುಡುಕಿಕೊಳ್ಳಬೇಕು, ಇಲ್ಲವೇ ವಿಮಾನ ಹತ್ತಬೇಕು. ಕಳ್ಳತನದ ದೂರು ಕೊಟ್ಟವರ ಮನೆಯನ್ನೇ ಜಫ್ತಿ ಮಾಡುವ ಈ ವ್ಯವಸ್ಥೆಗೆ ಅಲ್ಲಿ ಶೋಷಣೆಯ ವಿರುದ್ಧ ಕಠಿಣ ಕ್ರಮ ಎಂದು ಹೆಸರು. 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ ಹೀಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಕಂಪನಿಗಳ ಲೈಸೆನ್ಸ್ ಹೋಯಿತು. ಆ ಕಂಪನಿಗಳಿಗೆ ಗಂಟುಬಿದ್ದಿದ್ದ ಕೆಲಸಗಾರರು 39,000ಕ್ಕೂ ಹೆಚ್ಚು.

ಕೊನೆಗೆ 2025ರ ಜುಲೈ 22ರಂದು ಹೊರದೇಶಗಳಿಂದ ಹೊಸದಾಗಿ ಆರೈಕೆಯವರನ್ನು ಕರೆಸುವುದನ್ನೇ ನಿಲ್ಲಿಸಿದರು. ಬೆನ್ನು ಒರೆಸುವುದು ಮತ್ತೆ ಕೌಶಲವಲ್ಲದ ಕೆಲಸವಾಯಿತು. ಆಗಲೇ ಒಳಗಿರುವವರು ಐದು ವರ್ಷಕ್ಕೆ ಕಾಯಂ ವಾಸ ಸಿಗುತ್ತದೆ ಎಂದು ದಿನ ಎಣಿಸುತ್ತಿದ್ದರು. ಅದನ್ನು ಇಂಥವರಿಗೆ ಹದಿನೈದಕ್ಕೆ ಒಯ್ಯುವ ಪ್ರಸ್ತಾಪ ಅದೇ ವರ್ಷದ ನವೆಂಬರಿನಲ್ಲಿ ಬಂತು. ಹಾಸನದಲ್ಲಿ ಬಿಗ್ ಬೆನ್ ಪೋಸ್ಟರು ಹೋಗಿ ಜಪಾನಿನ ಬೆಟ್ಟದ ಪೋಸ್ಟರು ಬಂದಿದೆ. ಮೇಷ್ಟ್ರು ಈಗ ‘ಕೊನ್ನಿಚಿವಾ’ ಎಂದು ನಮಸ್ಕರಿಸುತ್ತಾರೆ. ವೃದ್ಧಾಶ್ರಮದ ಲೆಟರ್‌ಹೆಡ್ಡು ಮಾತ್ರ ಹಳೆಯದೇ.

ಇಂಗ್ಲಿಷರನ್ನು ಬೈದು ಮುಗಿಸಿದರೆ ನಮಗೆ ಸುಖವಾಗಿ ನಿದ್ದೆ ಬರುತ್ತದೆ, ಆದರೆ ಜಯನಗರದಲ್ಲೂ ಮುದುಕರಿದ್ದಾರೆ. ಅವರಲ್ಲೊಬ್ಬರ ಮಗ ಲಂಡನ್ನಿನಲ್ಲಿದ್ದಾನೆ, ವಲಸಿಗರನ್ನು ಅಲ್ಲಿ ನಡೆಸಿಕೊಳ್ಳುವ ರೀತಿಯ ಬಗ್ಗೆ ಅವನಿಗೆ ತೀವ್ರ ಅಸಮಾಧಾನವಿದೆ. ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಅವನು ಬೆಂಗಳೂರಿನ ಹೋಮ್ ನರ್ಸಿಂಗ್ ಏಜೆನ್ಸಿಯೊಂದಕ್ಕೆ ಫೋನು ಮಾಡಿದ. ಇಲ್ಲಿ ಬಿ-1 ಬೇಡ, ಕ್ಷಯದ ಪರೀಕ್ಷೆ ಬೇಡ, ಕನ್ಸೆಂಟ್ ಅಂತೂ ಬೇಡವೇ ಬೇಡ. ಆಧಾರ್ ಕಾರ್ಡಿನ ಜೆರಾಕ್ಸು ಸಾಕು. ಕನ್ನಡ ಬರಬೇಕು, ಮೊಟ್ಟೆ ಮಾಂಸ ತಿನ್ನಬಾರದು, ಮೊಬೈಲು ನೋಡಬಾರದು. ರಾಯಚೂರಿನ ಕಡೆಯ ಹೆಂಗಸೊಬ್ಬಳು ಬಂದಳು. ಇಪ್ಪತ್ತನಾಲ್ಕು ಗಂಟೆಯ ಡ್ಯೂಟಿ, ಮಂಚದ ಪಕ್ಕ ಚಾಪೆ, ಕಾಫಿಗೆ ಬೇರೆ ಲೋಟ. ಅವಳ ಸಂಬಳದಲ್ಲಿ ಏಜೆನ್ಸಿ ಎಷ್ಟು ಹಿಡಿದುಕೊಳ್ಳುತ್ತದೆ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ತಿಂಗಳು ತುಂಬುವ ಮೊದಲೇ ಅವಳ ಮಗುವಿಗೆ ಡೆಂಗಿ ಎಂದು ಊರಿನಿಂದ ಕರೆ ಬಂತು. ಅವಳು ಹೊರಟಳು.

ಲಂಡನ್ನಿನಿಂದ ಮತ್ತೆ ಫೋನು ಹೋಯಿತು. “ನೋಡಿ, ಈ ಸಲ ಮಕ್ಕಳಿರೋರನ್ನ ಕಳಿಸಬೇಡಿ. ಫ್ಯಾಮಿಲಿ ಇದ್ರೆ ಇದೇ ರಗಳೆ.”

“ಮದುವೆ ಆಗದವರೇ ಬೇಕಾ ಸಾರ್?” ಎಂದರು ಏಜೆನ್ಸಿಯವರು. “ಇದಾರೆ. ಆದ್ರೆ ತಿಂಗಳಿಗೆ ಎರಡು ಸಾವಿರ ಜಾಸ್ತಿ ಆಗುತ್ತೆ.”