ಇಂಧನೋತ್ತರ ದೀಪಮೀಮಾಂಸೆ: ಬೆಳಗಾವಿ–ಖಾನಾಪುರ ಮಾರ್ಗವನ್ನು ಅನುಲಕ್ಷಿಸಿ

1. ಪೀಠಿಕೆ

ಪೆಟ್ರೋಲು ಹಾಕಿಸಿದ ಕಾರಿನಲ್ಲಿ ಹಳದಿ ಎಂಜಿನ್ ದೀಪ ಏಕೆ ಹೊತ್ತಿಕೊಳ್ಳುತ್ತದೆ ಎಂಬ ಬಗ್ಗೆ ಪ್ರಬಂಧಕಾರನ ಮನೆತನದಲ್ಲಿ ಈವರೆಗೆ ಗಂಭೀರ ಸಂಶೋಧನೆ ನಡೆದಿರಲಿಲ್ಲ. ಆ ಕೊರತೆ ತುಂಬುವುದೇ ಇಲ್ಲಿನ ಉದ್ದೇಶ. ಅಧ್ಯಯನದ ವ್ಯಾಪ್ತಿ: ಒಂದು ಕಾರು, ಒಂದು ದೀಪ, ಸುಮಾರು 26 ಕಿಲೋಮೀಟರ್ ರಸ್ತೆ. ಮಾಹಿತಿದಾರರು: ಕೇಳದಿದ್ದರೂ ಹೇಳಿದವರೆಲ್ಲರೂ.

ಶನಿವಾರ ಸಂಜೆ ಬೆಳಗಾವಿಯ ಒಂದು ಬಂಕಿನಲ್ಲಿ ಸಾವಿರ ರೂಪಾಯಿಯ ಇಂಧನಗ್ರಹಣವಾಯಿತು. ಹಿಂದೆ ಸಾಲು ಉದ್ದವಿತ್ತು. “ಮುಚ್ಚಳಾ ನಾ ಹಾಕ್ಕೋತೀನಿ, ನೀ ಮುಂದಿನ ಗಾಡಿ ನೋಡಪಾ” ಎಂದು ಸಂಶೋಧಕನು ಔದಾರ್ಯ ಮೆರೆದನು. ಇದು ಅಪ್ರಸ್ತುತ ವಿವರ.

ಸೋಮವಾರ ಖಾನಾಪುರದ ಹಾದಿ ಹಿಡಿದಾಗ, ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ದಾಟುವವರೆಗೂ ದೀಪ ಸುಮ್ಮನಿತ್ತು. ದೇಸೂರು ಬಂದದ್ದೇ ಹೊತ್ತಿಕೊಂಡಿತು. ಬಲ್ಲವರು ಹಿಂದೆ ಉಳಿದ ಮೇಲೆಯೇ ರೋಗ ಕಾಣಿಸಿಕೊಳ್ಳುತ್ತದೆಂಬುದು ದೀಪಶಾಸ್ತ್ರದ ಪ್ರಥಮ ಸೂತ್ರ.

2. ಲಿಪಿವಿಚಾರ

ದೀಪದ್ದು ಚಿತ್ರಲಿಪಿ. ಒಬ್ಬರಿಗದು ನೀರೆತ್ತುವ ಪಂಪಿನಂತೆಯೂ ಇನ್ನೊಬ್ಬರಿಗೆ ಕಾಲಿಲ್ಲದ ಆಮೆಯಂತೆಯೂ ಕಾಣುತ್ತದೆ. ಕನ್ನಡವೂ ಅಲ್ಲ, ಮರಾಠಿಯೂ ಅಲ್ಲವಾದ್ದರಿಂದ ಬೆಳಗಾವಿಯಲ್ಲಿ ಯಾರ ತಕರಾರೂ ಇಲ್ಲದ ಅಪರೂಪದ ಫಲಕವಿದು.

ಖಾನಾಪುರ ತಾಲೂಕಿನ ಹಲಸಿಯ ಕದಂಬ ತಾಮ್ರಪಟಗಳನ್ನು ಓದಲು ಜೆ.ಎಫ್. ಫ್ಲೀಟ್ ಇದ್ದರು. ಅಲ್ಲಿ ದಾನಿ ಯಾರು, ಪಡೆದವರಾರು ಎಂಬುದೆಲ್ಲ ಮೊದಲೇ ಹೇಳಿ, ಶಾಪವನ್ನು ಕೊನೆಗಿಡುತ್ತಾರೆ. ನಮ್ಮ ದೀಪಶಾಸನದಲ್ಲಿ ಶಾಪ ಮಾತ್ರ ಹೊರಗಿದೆ. ಉಳಿದ ಪಾಠ ಸ್ಟೇರಿಂಗಿನ ಕೆಳಗಡೆ, 16 ಪಿನ್ನುಗಳ ಸಾಕೆಟ್ಟಿನೊಳಗೆ. ಸ್ಕ್ಯಾನರು ಚುಚ್ಚಿದರಷ್ಟೇ ಓದಲು ಸಾಧ್ಯ. ಅಲ್ಲಿಯವರೆಗೆ ಎಲ್ಲರೂ ಪಂಡಿತರೇ.

3. ಮತತ್ರಯ

ಕಬ್ಬುಮತ: ಪ್ರತಿಪಾದಕರು ಸೋದರಮಾವ, ರೈತರು. “ಫ್ಯಾಕ್ಟರಿ ಬಿಲ್ಲ ಇನ್ನೂ ಬಂದಿಲ್ಲ, ಕಬ್ಬ ಮಾತ್ರ ನಿನ್ನ ಟಾಕಿಗೆ ಬಂದು ಕುಂತೈತಿ ನೋಡ ಅಳಿಯಾ!” ಇದನ್ನು ತಳ್ಳಿಹಾಕುವಂತಿಲ್ಲ. ಇ-20 ಪೆಟ್ರೋಲಿನ ಶೇಕಡಾ 20 ಭಾಗ, ಕಬ್ಬಿನಿಂದಲೂ ತೆಗೆಯುವ ಎಥೆನಾಲ್. ಅದರೊಳಗೇ ಆಮ್ಲಜನಕವಿರುವುದರಿಂದ, ಅದಕ್ಕೆ ಹೊಂದಿಸದ ಎಂಜಿನ್ನಿನಲ್ಲಿ ಮಿಶ್ರಣ ತೆಳುವಾಗಿ ಪಿ-0171 ಎಂಬ ಸಂಕೇತ ಮೂಡಬಹುದು.

ಜಲಮತ: ಖಾನಾಪುರದ ಮಳೆ ಕಂಡವರದ್ದು. ಎಥೆನಾಲಿಗೆ ನೀರಿನ ಮೋಹ. ನೀರು ಮಿತಿಮೀರಿದರೆ ಎರಡೂ ಕೂಡಿ ಪೆಟ್ರೋಲನ್ನು ತೊರೆದು ಟಾಕಿಯ ತಳ ಸೇರುತ್ತವೆ. ಆಗ ಎಂಜಿನ್ ಕುಂಟುತ್ತದೆ, ದೀಪ ಮಿಣುಕಲೂಬಹುದು. ಮಿಣುಕಿದರೆ ಮೀಮಾಂಸೆ ಬಿಟ್ಟು ಗಾಡಿ ನಿಲ್ಲಿಸತಕ್ಕದ್ದು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟೀತು. ನಮ್ಮದು ನಂದಾದೀಪದಂತೆ ನಿಶ್ಚಲವಾಗಿತ್ತು.

ನಿಂಬೆಮತ: ಪ್ರತಿಪಾದಕರು ತಾಯಿಯವರು. “ಮಂದಿ ಕಣ್ಣ ಬಿದ್ದೈತಿ.” ಆಧಾರ ಕೇಳುವಂತಿಲ್ಲ.

4. ಕ್ಷೇತ್ರಕಾರ್ಯ

ಖಾನಾಪುರದ ಚಹಾ ಅಂಗಡಿಯೆದುರು ಬಾನೆಟ್ಟು ಎತ್ತಿ ಸಂಶೋಧಕನು ಧ್ಯಾನಸ್ಥನಾಗಿದ್ದಾಗ, ಚಹಾ ತಂದವನು ಗಾಡಿಯ ಹಿಂದಿನಿಂದ ಕೂಗಿದನು: “ಸರ್, ಟಾಕಿ ಮುಚ್ಚಳಾ ಸಡ್ಲ ಐತ್ರಿ.” ಟಕಟಕ ಸದ್ದಾಗುವವರೆಗೆ ತಿರುಗಿಸಿ, ಕಪ್ಪಿನ ದುಡ್ಡು ಇಸಿದುಕೊಂಡು ಹೋದನು.

ಟಾಕಿಯ ಆವಿ ಗಾಳಿಗೆ ಸೇರದಂತೆ ಇದ್ದಿಲು ತುಂಬಿದ ಡಬ್ಬಿಯೊಂದು ಅದನ್ನು ಹಿಡಿದಿಟ್ಟು, ಆಮೇಲೆ ಎಂಜಿನ್ನಿಗೆ ಉಣಿಸುತ್ತದೆ. ಈ ವ್ಯವಸ್ಥೆ ಎಲ್ಲಾದರೂ ಸೋರುತ್ತಿದೆಯೇ ಎಂದು ಕೆಲವು ಕಾರುಗಳು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಎಂಜಿನ್ ತಣ್ಣಗಿರಬೇಕು, ಟಾಕಿ ತುಂಬಿಯೂ ಇರಬಾರದು, ಬರಿದೂ ಆಗಿರಬಾರದು. ಮುಹೂರ್ತ ಕೂಡಿಬಂದಾಗಲೇ ಪರೀಕ್ಷೆ. ಹೀಗಾಗಿ ಪಾಪ ಶನಿವಾರದ್ದು, ಫಲ ಸೋಮವಾರದ್ದು.

5. ವಿಪರ್ಯಾಸ

ಮುಚ್ಚಳ ಬಿಗಿದರೂ ದೀಪ ಆರಲಿಲ್ಲ. ಆದಕಾರಣ ಚಹಾಮತ ಅಲ್ಲಿಯೇ ತಿರಸ್ಕೃತವಾಯಿತು.

ಮಂಗಳವಾರ ಗಾಲಿಯಡಿ ನಿಂಬೆಹಣ್ಣುಗಳು ಹುತಾತ್ಮವಾದವು. ಬುಧವಾರ ಮಾವನ ಆಣತಿಯಂತೆ ಬೇರೆ ಬಂಕಿನ ಪೆಟ್ರೋಲು ಸೇರಿತು. ಗುರುವಾರ ಒಂದು ಗ್ಯಾರೇಜಿನಲ್ಲಿ ಮೂಲಪಾಠವನ್ನೇ ತೆರೆದು ಓದಲಾಯಿತು: ಪಿ-0457. ಮುಚ್ಚಳ ಸಡಿಲವಿದೆ ಅಥವಾ ಇಲ್ಲವೇ ಇಲ್ಲ ಎಂದು ಅದರ ಅರ್ಥ. ಮೇಸ್ತ್ರಿ ಹೋಗಿ ನೋಡಿದರೆ ಮುಚ್ಚಳ ಬಿಗಿಯಾಗಿಯೇ ಇತ್ತು. ಆದ್ದರಿಂದ ಪಾಠವೇ ಭ್ರಷ್ಟವೆಂದು ತೀರ್ಮಾನಿಸಿ ಪ್ಲಗ್ಗು ಬದಲಿಸಲಾಯಿತು. ಶುಕ್ರವಾರ ಬೆಳಿಗ್ಗೆ ದೀಪ ಆರಿತು.

ಇಲ್ಲಿಯೇ ಪ್ರಬಂಧದ ಮುಖ್ಯ ಶೋಧ. ಸೋರಿಕೆ ನಿಂತ ಮೇಲೂ ಯಂತ್ರ ಕೂಡಲೇ ನಂಬುವುದಿಲ್ಲ. ಸಾಮಾನ್ಯವಾಗಿ ಮೂರು ಸಲ ಪರೀಕ್ಷೆ ನಡೆಸಿ, ಮೂರರಲ್ಲೂ ಪಾಸಾದರೆ ಮಾತ್ರ ದೀಪ ಆರಿಸುತ್ತದೆ. ಮದ್ದು ಕೊಟ್ಟವನು ಮೊದಲೇ ಹೊರಟುಹೋಗಿರುತ್ತಾನೆ. ದೀಪ ಆರುವ ಹೊತ್ತಿಗೆ ಪಕ್ಕದಲ್ಲಿ ನಿಂತವನಿಗೆ ಹಾರ. ಇದರಿಂದ ನಿಂಬೆಮತ, ಕಬ್ಬುಮತ, ಪ್ಲಗ್ಗುಮತಗಳು ಮೂರೂ ನಮ್ಮ ಮನೆಯಲ್ಲಿ ಇಂದಿಗೂ ಅಬಾಧಿತ. ಚಹಾದವನ ಹೆಸರು ಕೇಳಿಟ್ಟುಕೊಳ್ಳದ ಕಾರಣ ಅವನ ಮತಕ್ಕೆ ಅನುಯಾಯಿಗಳಿಲ್ಲ.

6. ಅಧ್ಯಯನದ ಮಿತಿ

ಶನಿವಾರ ಸಂಜೆ ಮುಚ್ಚಳ ಹಾಕಿದವರು ಯಾರು ಎಂಬ ಪ್ರಶ್ನೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.